ಒಳಗಿನ ಲೂಪ್‌ನಿಂದ ಉತ್ತರ ಹೊರಗೆ ತರುವುದು ಹೇಗೆ?

ಹುಡುಕಿದ ಹೆಸರು ಸಿಕ್ಕಿದೆ ಎಂದು ಕನ್ಸೋಲ್ ಹೇಳುತ್ತದೆ. ಫಂಕ್ಷನ್ ಮಾತ್ರ ಅನ್‌ಡಿಫೈನ್ಡ್, ಅಂದರೆ ‘ಏನೂ ಇಲ್ಲ’ ಎಂದು ಕೊಡುತ್ತದೆ. ಜಾವಾಸ್ಕ್ರಿಪ್ಟ್ ಕಲಿಯುವವರ ಪಕ್ಕದಲ್ಲಿ ಕೂತಾಗಲೆಲ್ಲ ನಾನು ನೋಡುವ ತಪ್ಪು ಇದು. ನಾನೂ ಇದರಲ್ಲಿ ಒಂದಿಡೀ ಸಂಜೆ ಕಳೆದಿದ್ದೇನೆ.

ಮೊದಲು ಡೇಟಾ. 3 ತರಗತಿಗಳ ಒಂದು ಅರೇ (ಪಟ್ಟಿ), ಪ್ರತಿ ತರಗತಿಯೊಳಗೆ 40 ವಿದ್ಯಾರ್ಥಿಗಳ ಇನ್ನೊಂದು ಅರೇ. 27ನೇ ನಂಬರಿನ ವಿದ್ಯಾರ್ಥಿಯನ್ನು ಹುಡುಕಬೇಕು. ಅವನು ಮೊದಲ ತರಗತಿಯಲ್ಲೇ ಇದ್ದಾನೆ ಎಂದುಕೊಳ್ಳಿ.

ಎರಡನೇ ಹೆಜ್ಜೆಯಲ್ಲೇ ಎಲ್ಲರೂ ಎಡವುವುದು. ಫಾರ್‌ಈಚ್ ಎಂದರೆ ಅರೇಯ ಪ್ರತಿಯೊಂದಕ್ಕೂ ನೀವು ಕೊಟ್ಟ ಫಂಕ್ಷನ್ ಅನ್ನು ಕರೆಯುವ ವಿಧಾನ; ಹಾಗೆ ಕೊಟ್ಟ ಫಂಕ್ಷನ್ನೇ ಕಾಲ್‌ಬ್ಯಾಕ್. ಒಂದು ಫಾರ್‌ಈಚ್ ಒಳಗೆ ಇನ್ನೊಂದು ಫಾರ್‌ಈಚ್, ಅದರೊಳಗೆ ರಿಟರ್ನ್ ಬರೆಯುತ್ತಾರೆ. ಈಗ ನಿಮ್ಮ ಕೋಡ್‌ನಲ್ಲಿ ಎಷ್ಟು ಫಂಕ್ಷನ್‌ಗಳಿವೆ, ಬೆರಳಿಟ್ಟು ಎಣಿಸಿ. ಒಂದಲ್ಲ, ಮೂರು: ನಿಮ್ಮದೊಂದು, ಹೊರಗಿನ ಕಾಲ್‌ಬ್ಯಾಕ್ ಒಂದು, ಒಳಗಿನದೊಂದು. ರಿಟರ್ನ್ ಹೋಗುವುದು ಕರೆದವರ ಹತ್ತಿರಕ್ಕೆ ಮಾತ್ರ. ಒಳಗಿನ ಕಾಲ್‌ಬ್ಯಾಕನ್ನು ಕರೆದದ್ದು ನೀವಲ್ಲ, ಫಾರ್‌ಈಚ್. ಅದು ಉತ್ತರ ತಗೊಂಡು ಸುಮ್ನೆ ಬಿಸಾಕಿ, ಮುಂದಿನ ವಿದ್ಯಾರ್ಥಿಗೆ ಹೋಗುತ್ತದೆ. ನಂಬಿಕೆ ಬರದಿದ್ದರೆ ಒಳಗಿನ ಕಾಲ್‌ಬ್ಯಾಕ್‌ನ ಮೊದಲ ಸಾಲಿನಲ್ಲಿ ಒಂದು ಕೌಂಟರ್ ಇಡಿ. 27ನೆಯವನು ಸಿಕ್ಕಿದ ಮೇಲೂ ಅದು 120ರ ತನಕ ಏರುತ್ತದೆ.

ಆಮೇಲೆ ಫಾರ್‌ಈಚ್ ಕರೆಯುವ ಸಾಲಿನ ಶುರುವಿಗೇ ರಿಟರ್ನ್ ಹಾಕಿ ನೋಡುತ್ತಾರೆ. ಉಪಯೋಗವಿಲ್ಲ. ಫಾರ್‌ಈಚ್ ಯಾವಾಗಲೂ ಕೊಡುವುದು ಅನ್‌ಡಿಫೈನ್ಡ್. ಕಾಲ್‌ಬ್ಯಾಕ್ ಒಳಗೆ ಬ್ರೇಕ್ ಬರೆದರೆ ಸಿಂಟ್ಯಾಕ್ಸ್ ಎರರ್. ಜೆಕ್ವೆರಿ ಎಂಬ ಹಳೆಯ ಜಾವಾಸ್ಕ್ರಿಪ್ಟ್ ಲೈಬ್ರರಿಯ ಈಚ್‌ನಲ್ಲಿ ರಿಟರ್ನ್ ಫಾಲ್ಸ್ ಎಂದರೆ ಲೂಪ್ ನಿಲ್ಲುತ್ತಿತ್ತು. ಆ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಮೂರನೇ ಹೆಜ್ಜೆ: ಎರಡೂ ಫಾರ್‌ಈಚ್ ತೆಗೆದು ಫಾರ್-ಆಫ್ ಲೂಪ್ ಹಾಕಿ. 2015ರಿಂದ ಭಾಷೆಯಲ್ಲೇ ಇದೆ. ಇಲ್ಲಿ ನಡುವೆ ಬೇರೆ ಫಂಕ್ಷನ್ ಇಲ್ಲ. ಹಾಗಾಗಿ ರಿಟರ್ನ್ ಎರಡೂ ಲೂಪ್ ದಾಟಿ ನೇರ ಹೊರಗೆ ಬರುತ್ತದೆ, ಕೌಂಟರ್ ಕೂಡ ಅಲ್ಲೇ ನಿಲ್ಲುತ್ತದೆ. ಅಷ್ಟೇ ಕೆಲಸ.

ಮೇಲೆ ಒಂದು ವೇರಿಯಬಲ್ ಇಟ್ಟು, ಒಳಗಿನಿಂದ ಅದಕ್ಕೆ ಉತ್ತರ ತುಂಬುವ ಅಡ್ಡದಾರಿಯೂ ಇದೆ. ನಡೆಯುತ್ತದೆ, ಆದರೆ ನನಗೆ ಇಷ್ಟವಿಲ್ಲ. ಒಂದೇ ನಂಬರ್ ಎರಡು ಕಡೆ ಇದ್ದರೆ ಕೊನೆಯದು ಮೊದಲಿನದನ್ನು ಅಳಿಸಿಬಿಡುತ್ತದೆ. ಲೂಪ್ ನಿಲ್ಲಿಸಲೆಂದೇ ಎಕ್ಸೆಪ್ಶನ್ ಎಸೆಯುವವರೂ ಇದ್ದಾರೆ. ದಯವಿಟ್ಟು ಬೇಡ.

ಪಟ್ಟಿ ಚಿಕ್ಕದಾಗಿದ್ದರೆ ಫ್ಲಾಟ್‌ಮ್ಯಾಪ್‌ನಿಂದ ಎಲ್ಲ ವಿದ್ಯಾರ್ಥಿಗಳನ್ನೂ ಒಂದೇ ಸಾಲಿಗೆ ತಂದು ಫೈಂಡ್ ಮಾಡಿ. ಓದಲು ಚೆಂದ. ಬರೀ ತರಗತಿಗಳ ಮೇಲೆ ಫೈಂಡ್ ಮಾಡಿದರೆ ಸಿಗುವುದು ತರಗತಿ, ವಿದ್ಯಾರ್ಥಿಯಲ್ಲ. ಇನ್ನೊಂದು ಮಾತು: ಆರೋ ಫಂಕ್ಷನ್‌ಗೆ ಕರ್ಲಿ ಬ್ರಾಕೆಟ್ ಹಾಕಿದಿರಾ? ಹಾಗಾದರೆ ಒಳಗೆ ರಿಟರ್ನ್ ನೀವೇ ಬರೆಯಬೇಕು. ಇದನ್ನು ಮರೆತವರೇ ಜಾಸ್ತಿ.

ಸರ್ವರ್‌ನಿಂದ ಒಂದೊಂದೇ ತರಗತಿ ತರಿಸುತ್ತಿದ್ದೀರಾ? ಫಾರ್‌ಈಚ್‌ಗೆ ಅಸಿಂಕ್ (ಉತ್ತರ ತಡವಾಗಿ ಬರುವ) ಕಾಲ್‌ಬ್ಯಾಕ್ ಕೊಟ್ಟರೆ ಅದು ಯಾರಿಗೂ ಕಾಯುವುದಿಲ್ಲ. ಇಲ್ಲೂ ಫಾರ್-ಆಫ್ ಬಳಸಿ, ಒಳಗೆ ಅವೇಟ್ ಹಾಕಿ; ಉತ್ತರ ಬರುವ ತನಕ ಕಾಯಿಸುವುದು ಅದೇ. ನಿಮ್ಮ ಫಂಕ್ಷನ್ನೇ ಆಗ ಅಸಿಂಕ್ ಆಗುತ್ತದೆ, ಅಲ್ವಾ? ಅದನ್ನು ಕರೆಯುವ ಕಡೆಯೂ ಅವೇಟ್ ಬೇಕು. ಇಲ್ಲದಿದ್ದರೆ ಕೈಗೆ ಬರುವುದು ವಿದ್ಯಾರ್ಥಿಯಲ್ಲ, ಪ್ರಾಮಿಸ್: ಉತ್ತರ ಆಮೇಲೆ ಕೊಡುತ್ತೇನೆ ಎಂಬ ಚೀಟಿ.