ವಾಕ್ಯದಲ್ಲಿ ಕ್ರಮವೂ ಇದೆ: ದಿನಬಳಕೆಗೆ ಇಳಿಸಿದ ನನ್ನ ಅನುಭವ

ಭಾನುವಾರ ಚರ್ಚಿನಲ್ಲಿ ಕೇಳಿದ ಪ್ರಸಂಗ ಸೋಮವಾರ ಮಧ್ಯಾಹ್ನದೊಳಗೆ ಮರೆತುಹೋದರೆ ಭಕ್ತಿ ಸಾಲದು ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. 'ಇನ್ನು ಮೇಲೆ ಎಲ್ಲರ ಜೊತೆ ಪ್ರೀತಿಯಿಂದ ಇರಬೇಕು' ಅಂತ ನಿರ್ಧಾರ ಮಾಡಿದರೆ ಅದಕ್ಕೆ ಹೊತ್ತೂ ಇಲ್ಲ, ಜಾಗವೂ ಇಲ್ಲ, ಮಿತಿಯೂ ಇಲ್ಲ. ಮೊದಲ ಒತ್ತಡಕ್ಕೇ ಅದು ಕುಸಿಯುತ್ತದೆ. ಬೈಬಲಾದರೋ ಎಷ್ಟೋ ಕಡೆ ಈ ಮೂರನ್ನೂ ಕೊಟ್ಟೇ ಇದೆ. ಜಗಳವಾದರೆ ಮೊದಲು ಯಾರ ಹತ್ತಿರ ಹೋಗಬೇಕು, ಹಣವನ್ನು ಯಾವ ದಿನ ತೆಗೆದಿಡಬೇಕು, ಸಿಟ್ಟಿಗೆ ಗಡುವು ಎಷ್ಟು ಹೊತ್ತಿನ ತನಕ, ಎಲ್ಲವೂ ಅಲ್ಲಿದೆ. ನಾವು ವಾಕ್ಯದ, ಅಂದರೆ ಬೈಬಲಿನ ಮಾತಿನ, ಭಾವ ಹಿಡಿದುಕೊಂಡು ಕ್ರಮವನ್ನು ಬಿಟ್ಟುಬಿಡುತ್ತೇವೆ. ನಾನು ಓದುವಾಗ ಮೊದಲು ಹುಡುಕುವುದು ಆ ಕ್ರಮವನ್ನೇ.

ಜಗಳದ ವಿಷಯಕ್ಕೆ ಬೈಬಲಿನ ಮತ್ತಾಯ ಪುಸ್ತಕದ 18ನೇ ಅಧ್ಯಾಯ, 15ರಿಂದ 17ನೇ ವಚನ (ಮತ್ತಾಯ 18:15–17) ನೋಡಿ. ತಪ್ಪು ಮಾಡಿದವನ ಹತ್ತಿರ ಮೊದಲು ಒಬ್ಬನೇ ಹೋಗಿ ಮಾತಾಡು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ, ಅಂದರೆ ವಿಶ್ವಾಸಿಗಳ ಕೂಟಕ್ಕೆ, ಹೇಳು. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಮೊದಲು ಗ್ರೂಪಿನಲ್ಲಿ ಹಾಕುತ್ತಾರೆ, ಆಮೇಲೆ ಇಬ್ಬರು ಗೆಳೆಯರ 'ಸಲಹೆ' ಕೇಳುತ್ತಾರೆ, ಸಂಬಂಧಪಟ್ಟವನಿಗೆ ಸುದ್ದಿ ಮುಟ್ಟುವುದು ಕಡೆಗೆ. ಸಲಹೆ ಕೇಳುವ ಹೆಸರಿನಲ್ಲಿ ಆಡಿದ ಚಾಡಿಯೂ ಚಾಡಿಯೇ.

ನನ್ನ ಕ್ರಮ ಇದು. ಮಾತಾಡಲು ಸಮಯ ಕೇಳುವ ಸಂದೇಶದಲ್ಲಿ ದೂರನ್ನು ಬರೆಯುವುದಿಲ್ಲ. 'ನಿನ್ನೆಯ ಮೀಟಿಂಗ್ ಬಗ್ಗೆ ಹತ್ತು ನಿಮಿಷ ಮಾತಾಡಬೇಕಿತ್ತು, ಸಂಜೆ ಐದಕ್ಕೆ ಆಗುತ್ತಾ?' ಅಷ್ಟೇ. ಬರಹಕ್ಕೆ ದನಿ ಇರುವುದಿಲ್ಲ. ಓದುವವನು ತನ್ನ ಅಂಜಿಕೆಯ ದನಿಯನ್ನು ಅದಕ್ಕೆ ಹಾಕಿಕೊಂಡು ನಾಲ್ಕು ಸಲ ಓದುತ್ತಾನೆ, ಸ್ಕ್ರೀನ್‌ಶಾಟ್ ತೆಗೆದು ಮತ್ತೊಬ್ಬರಿಗೂ ತೋರಿಸುತ್ತಾನೆ. ಹೋಗುವ ಮುಂಚೆ ಒಂದು ಚೀಟಿಯಲ್ಲಿ ಮೂರು ಸಾಲು ಬರೆದುಕೊಳ್ಳುತ್ತೇನೆ: ಏನಾಯಿತು, ಅದರಿಂದ ಏನು ತೊಂದರೆಯಾಯಿತು, ಈಗ ನಾನು ಕೇಳುವುದೇನು. ಮೊದಲ ಸಾಲಿನಲ್ಲಿ 'ಯಾವಾಗಲೂ', 'ಬೇಕಂತಲೇ' ಎಂಬ ಮಾತು ನುಸುಳಿದ್ದರೆ ಹೊಡೆದುಹಾಕುತ್ತೇನೆ. ಇನ್ನೊಬ್ಬರ ಮನಸ್ಸಿನೊಳಗಿನ ಉದ್ದೇಶ ನನಗೆ ಗೊತ್ತಿಲ್ಲ. ಗೊತ್ತಿದೆ ಅಂತ ಶುರುಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಮೂರನೆಯ ಸಾಲು ಖಾಲಿ ಉಳಿದರೆ ನಾನು ಇನ್ನೂ ಹೋಗಲು ಸಿದ್ಧನಿಲ್ಲ ಅಂತಲೇ ಲೆಕ್ಕ. ಏನು ಬೇಕು ಅಂತ ಗೊತ್ತಿಲ್ಲದೆ ಹೋದರೆ ಬೈದು ಬರುವುದು ಬಿಟ್ಟು ಬೇರೇನೂ ಆಗುವುದಿಲ್ಲ. ಮಾತು ಶುರುಮಾಡುವುದು ಪ್ರಶ್ನೆಯಿಂದ: 'ಅವತ್ತು ನಿಮ್ಮ ಕಡೆಯಿಂದ ಏನಾಗಿತ್ತು?' ಪೂರ್ತಿ ಕೇಳುವ ಮೊದಲೇ ಉತ್ತರ ಕೊಡುವುದು ಮೂರ್ಖತನ ಎಂದು ಜ್ಞಾನೋಕ್ತಿ 18:13 ಸ್ಪಷ್ಟವಾಗಿ ಹೇಳುತ್ತದೆ. ಅರ್ಧಕ್ಕರ್ಧ ಜಗಳಗಳು ಈ ಪ್ರಶ್ನೆಯ ಉತ್ತರದಲ್ಲೇ ಇಳಿದುಹೋಗುತ್ತವೆ.

ಎರಡನೆಯ ಹಂತಕ್ಕೆ ಯಾರನ್ನು ಕರೆಯಬೇಕು ಅನ್ನುವಲ್ಲೂ ಎಡವುತ್ತಾರೆ. ಸಾಕ್ಷಿಯ ಕೆಲಸ ಆಡಿದ ಮಾತನ್ನು ಸ್ಥಿರಪಡಿಸುವುದು. ಧರ್ಮೋಪದೇಶಕಾಂಡ 19:15ರಿಂದ ಬಂದ ನಿಯಮವದು. ನನ್ನ ಪಕ್ಷದವರನ್ನೇ ಇಬ್ಬರು ಕರೆದೊಯ್ದರೆ ಅದು ಸಾಕ್ಷಿಯಲ್ಲ, ದಂಡು. ಆ ಕಡೆಯವರೂ ಗೌರವಿಸುವ ಒಬ್ಬರು ಸಾಕು, ಅವರಿಗೂ ಮುಂಚಿತವಾಗಿ ನನ್ನ ಕತೆ ತುಂಬಿಸಿ ಕರೆತರಬಾರದು.

ಒಂದು ಎಚ್ಚರಿಕೆ. ಹೊಡೆತ, ಲೈಂಗಿಕ ಕಿರುಕುಳ, ಮಕ್ಕಳ ಮೇಲಿನ ದೌರ್ಜನ್ಯ ಇರುವಲ್ಲಿ 'ಮೊದಲು ಒಬ್ಬರೇ ಹೋಗಿ ಮಾತಾಡಿ' ಎಂದು ಯಾರಿಗೂ ಹೇಳಬೇಡಿ. ಅಲ್ಲಿ ಮೊದಲ ಹೆಜ್ಜೆ ಸುರಕ್ಷಿತ ಜಾಗ, ಎರಡನೆಯದು ಕಾನೂನು. ಚಿಕ್ಕವರಿಗೆ ಅಡ್ಡಿಯಾಗುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಲೇಸು ಎಂಬ ಕಠಿಣ ಮಾತು ಇರುವುದೂ ಇದೇ 18ನೇ ಅಧ್ಯಾಯದಲ್ಲಿ, ಆರನೆಯ ವಚನದಲ್ಲಿ. ಹದಿನೈದನ್ನು ಓದಿ ಆರನ್ನು ಹಾರಿಸುವ ಹಿರಿಯರು ಮನೆಗಳಲ್ಲೂ ಸಭೆಗಳಲ್ಲೂ ದೊಡ್ಡ ಹಾನಿ ಮಾಡಿದ್ದಾರೆ.

ತಪ್ಪು ನಮ್ಮದೇ ಆಗಿದ್ದರೆ ಮತ್ತಾಯ 5:23–24: ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ರಾಜಿಯಾಗು. ಕ್ಷಮೆ ಕೇಳುವಾಗ ಮಾಡಿದ ಕೆಲಸದ ಹೆಸರು ಹೇಳಬೇಕು. 'ನಿಮಗೆ ಬೇಜಾರಾಗಿದ್ದರೆ ಸಾರಿ' ಅನ್ನುವುದು ಕ್ಷಮೆಯಲ್ಲ, ತಪ್ಪನ್ನು ಎದುರಿನವರ ಬೇಜಾರಿಗೆ ದಾಟಿಸುವ ಉಪಾಯ. 'ಆದರೆ' ಬಂದ ಕೂಡಲೇ ಮಾತು ನಿಲ್ಲಿಸಿ. ನಷ್ಟವಾಗಿದ್ದರೆ ತುಂಬಿಕೊಡಬೇಕು, ಅದಕ್ಕೂ ಅಳತೆ ಇದೆ: ಬೈಬಲಿನ ಅರಣ್ಯಕಾಂಡ 5:7ರ ಪ್ರಕಾರ ಪೂರ್ತಿ ಮೊತ್ತದ ಜೊತೆಗೆ ಐದನೆಯ ಒಂದು ಪಾಲು. ಯೇಸುವನ್ನು ಕಂಡು ಬದಲಾದ ತೆರಿಗೆ ವಸೂಲಿಗಾರ ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆ ಅಂದ. ನಾನು ಐದನೇ ಪಾಲಿನ ಲೆಕ್ಕವನ್ನು ಹಣಕ್ಕೆ ಮಾತ್ರವಲ್ಲ, ಸಮಯಕ್ಕೂ ಹಾಕುತ್ತೇನೆ. ಇನ್ನೊಬ್ಬರ ಐದು ಗಂಟೆ ಹಾಳುಮಾಡಿದ್ದರೆ ಆರು ಗಂಟೆಯ ಕೆಲಸ ಹಂಚಿಕೊಳ್ಳುವುದು.

ಸೂರ್ಯ ಮುಳುಗುವ ಮುಂಚೆ ಸಿಟ್ಟು ತೀರಲಿ ಅನ್ನುವ ಎಫೆಸ 4:26ರ ಗಡುವನ್ನು ಗಂಡ ಹೆಂಡತಿ ತಪ್ಪಾಗಿ ಬಳಸುವುದು ಜಾಸ್ತಿ. ಗಡುವು ಸಿಟ್ಟಿಗೆ, ಸಮಸ್ಯೆಗಲ್ಲ. ರಾತ್ರಿ ಹನ್ನೆರಡಕ್ಕೆ, ಇಬ್ಬರೂ ಸುಸ್ತಾಗಿರುವಾಗ, 'ಇವತ್ತೇ ಬಗೆಹರಿಯಲಿ' ಅಂತ ಕೂತರೆ ಹೊಸ ಗಾಯಗಳಾಗುತ್ತವೆ. 'ಸಿಟ್ಟು ಇಟ್ಟುಕೊಂಡಿಲ್ಲ, ನಾಳೆ ಬೆಳಿಗ್ಗೆ ಏಳಕ್ಕೆ ಮಾತಾಡೋಣ' ಎಂದು ಹೊತ್ತು ಗೊತ್ತುಮಾಡಿ ಮಲಗಿದರೆ ವಾಕ್ಯ ಮೀರಿದಂತಾಗುವುದಿಲ್ಲ. ಆದರೆ ಏಳು ಗಂಟೆಗೆ ನಿಜವಾಗಿ ಕೂರಬೇಕು.

ಮೊಬೈಲಿನ ಮಾತಿಗೆ ವಿಮೋಚನಕಾಂಡ 23:1 ಸಾಕು: ಸುಳ್ಳುಸುದ್ದಿ ಹಬ್ಬಿಸಬೇಡ. ಫಾರ್ವರ್ಡ್ ಒತ್ತುವ ಮುಂಚೆ ನೋಡುವುದು ಇಷ್ಟು: ಮೊದಲು ಹೇಳಿದವರು ಯಾರು, ಯಾವ ತಾರೀಕಿನದು, ಇದನ್ನೇ ನನ್ನ ಹೆಸರು ಹಾಕಿ ನಾನು ಬರೆಯುತ್ತಿದ್ದೆನೇ. ಒಂದಕ್ಕೆ ಉತ್ತರ ಇಲ್ಲದಿದ್ದರೂ ಅಲ್ಲಿಗೇ ಬಿಡುವುದು. ಸಿಟ್ಟು ಬರಿಸಿದ ಇಮೇಲಿಗೆ ಉತ್ತರ ಬರೆಯುವಾಗ ವಿಳಾಸದ ಜಾಗ ಖಾಲಿ ಬಿಡಿ, ಕೈತಪ್ಪಿ ಹೋಗುವುದಿಲ್ಲ. ಮರುದಿನ ಗಟ್ಟಿಯಾಗಿ ಓದಿ, ಬಾಯಲ್ಲಿ ಹೇಳಲು ಮುಜುಗರವಾಗುವ ಸಾಲು ತೆಗೆಯಿರಿ. ಬೆಳ್ಳಂಬೆಳಿಗ್ಗೆ ಗ್ರೂಪ್ ತುಂಬ ಹೂವಿನ ಚಿತ್ರದ ಶುಭಾಶಯ ಸುರಿಯುವವರು ಜ್ಞಾನೋಕ್ತಿ 27:14 ಒಮ್ಮೆ ಓದಿಕೊಳ್ಳಬಹುದು: ಮುಂಜಾನೆ ಎದ್ದು ದೊಡ್ಡ ದನಿಯಲ್ಲಿ ನೆರೆಯವನಿಗೆ ಆಶೀರ್ವಾದ ಹೇಳಿದರೆ ಅದು ಶಾಪವೆಂದೇ ಎಣಿಕೆಯಂತೆ!

'ಹೌದು' ಅಂದರೆ ಹೌದು, 'ಅಲ್ಲ' ಅಂದರೆ ಅಲ್ಲ (ಮತ್ತಾಯ 5:37) ಅನ್ನುವುದಕ್ಕೆ ಕಚೇರಿಯಲ್ಲಿ ದಿನವೂ ಪರೀಕ್ಷೆ. ಆಗದ ಕೆಲಸಕ್ಕೆ 'ನೋಡೋಣ' ಅನ್ನುವುದು ಸೌಜನ್ಯದಂತೆ ಕಾಣುವ ಸುಳ್ಳು. ಆಗುವುದಿಲ್ಲ ಎಂದು ಗೊತ್ತಾದ ದಿನವೇ ಹೇಳಿದರೆ ಎದುರಿನವರಿಗೆ ಬೇರೆ ದಾರಿ ಹುಡುಕಲು ಸಮಯ ಸಿಗುತ್ತದೆ. ವಿಶ್ವಾಸಿಗಳ ನಡುವೆ ಇನ್ನೊಂದಿದೆ: 'ನಿಮಗಾಗಿ ಪ್ರಾರ್ಥನೆ ಮಾಡುತ್ತೇನೆ'. ಇದನ್ನು ಟೈಪ್ ಮಾಡಿದ ಮೇಲೆ, ಕಳಿಸುವ ಮುಂಚೆ, ಅಲ್ಲೇ ಎರಡು ಮಾತು ಪ್ರಾರ್ಥನೆ ಮಾಡಿಬಿಡಿ. ಆಗ 'ಪ್ರಾರ್ಥನೆ ಮಾಡಿದೆ' ಅಂತ ತಿದ್ದಿ ಕಳಿಸಬಹುದು. ಮುಂದೆ ಮಾಡುತ್ತೇನೆ ಅಂದ ಪ್ರಾರ್ಥನೆಗಳಲ್ಲಿ ಹೆಚ್ಚಿನವು ಆಗುವುದೇ ಇಲ್ಲ.

ಹಣ. ಇಲ್ಲಿ ವಾಕ್ಯ ಅತ್ಯಂತ ಖಚಿತ, ನಮ್ಮ ಆಚರಣೆ ಅತ್ಯಂತ ಸಡಿಲ. 1 ಕೊರಿಂಥ 16:2ರಲ್ಲಿ, ಆದಿಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನ ಸೂಚನೆ: ವಾರದ ಮೊದಲ ದಿನ, ಪ್ರತಿಯೊಬ್ಬನೂ, ತನ್ನ ಸಂಪಾದನೆಗೆ ತಕ್ಕಂತೆ, ತನ್ನಲ್ಲಿ ತೆಗೆದಿಡಲಿ. ದಿನವಿದೆ, ಪ್ರಮಾಣವಿದೆ, ಜಾಗವಿದೆ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವದು. ತಾನು ಬಂದಾಗ ಅವಸರದಲ್ಲಿ ವಸೂಲಿ ಆಗಬಾರದು ಅನ್ನುವುದೇ ಪೌಲನ ಕಾರಣ. ಸಂಬಳದವರು ಇದನ್ನು ಸಂಬಳ ಬಂದ ದಿನಕ್ಕೆ ಹೊಂದಿಸಿಕೊಳ್ಳಬಹುದು. ಬೇರೆ ಉಳಿತಾಯ ಖಾತೆ ತೆರೆದು, ಅದಕ್ಕೆ ಆ ದಿನವೇ ತಾನಾಗಿ ವರ್ಗಾವಣೆ ಆಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. ತಿಂಗಳ ಕೊನೆಗೆ ಉಳಿದದ್ದರಲ್ಲಿ ಕೊಡೋಣ ಅಂದರೆ ಉಳಿಯುವುದೇ ಇಲ್ಲ. ಖರ್ಚು ಇದ್ದಷ್ಟಕ್ಕೂ ಹಬ್ಬುತ್ತದೆ.

ಎಷ್ಟು? ಯಾಜಕಕಾಂಡ 27:30ರಲ್ಲಿ ದಶಮಾಂಶದ, ಅಂದರೆ ಹತ್ತನೆಯ ಒಂದು ಪಾಲಿನ, ಮಾತಿದೆ. ಪೌಲ ಮಾತ್ರ ಅಂಕಿ ಹೇಳದೆ, ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಂತೆ, ದುಃಖದಿಂದಲ್ಲ, ಬಲವಂತದಿಂದಲ್ಲ ಅನ್ನುತ್ತಾನೆ (2 ಕೊರಿಂಥ 9:7). ಮೈಮೇಲೆ ದುಬಾರಿ ಬಡ್ಡಿಯ ಸಾಲ ಇರುವವರು ಶೇಕಡಾ 2ರಿಂದ ಶುರುಮಾಡಿ ನಿಲ್ಲಿಸದೆ ಕೊಡಲಿ, ಉಳಿದ ಶಕ್ತಿಯನ್ನೆಲ್ಲ ಸಾಲ ತೀರಿಸಲು ಹಾಕಲಿ, ಸಂಬಳ ಏರಿದಾಗಲೆಲ್ಲ ಶೇಕಡಾ 1 ಸೇರಿಸಲಿ ಅನ್ನುವುದು ನನ್ನ ಅಭಿಪ್ರಾಯ. ಕಾರ್ಡಿನ ಸಾಲದಲ್ಲಿ ಕಾಣಿಕೆ ಹಾಕಿ, ನೂರ್ಮಡಿ ವಾಪಸ್ ಬರುತ್ತದೆ ಎನ್ನುವವರಿಂದ ದೂರ ಇರಿ. ತಂದೆತಾಯಿಗೆ ಸಲ್ಲಬೇಕಾದದ್ದನ್ನು 'ಕೊರ್ಬಾನ್', ದೇವರಿಗೆ ಕೊಟ್ಟದ್ದು ಅಂತ ತಪ್ಪಿಸಿಕೊಳ್ಳುವವರನ್ನು ಯೇಸು ಮಾರ್ಕ 7:9–13ರಲ್ಲಿ ಖಂಡಿಸುತ್ತಾನೆ. ಅಮ್ಮನ ಔಷಧಿಯ ಹಣ ಕಾಣಿಕೆ ಡಬ್ಬಿಗೆ ಹೋಗಬಾರದು.

ತೆಗೆದಿಟ್ಟದ್ದನ್ನು ನಾನು ಎರಡು ಭಾಗ ಮಾಡುತ್ತೇನೆ: ಸಭೆಗೆ ನಿಯಮಿತವಾಗಿ ಹೋಗುವುದು ಒಂದು, ಹೇಳದೆ ಕೇಳದೆ ಬರುವ ಕಷ್ಟಕ್ಕೆ ಖಾತೆಯಲ್ಲೇ ಕಾಯುವುದು ಇನ್ನೊಂದು. ಯಾರಾದರೂ ಬಂದು ಕೇಳಿದಾಗ 'ಕೊಡಲೋ ಬೇಡವೋ' ಎಂಬ ಒದ್ದಾಟ ಆಗ ಇರುವುದಿಲ್ಲ, ಹಣ ಆಗಲೇ ನನ್ನದಲ್ಲ. ಕೊಟ್ಟು ಫೋಟೊ ತೆಗೆಯುವುದು ಬೇಡ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಅನ್ನುವ ಮತ್ತಾಯ 6:3ಕ್ಕೆ ಇಷ್ಟು ಸಲೀಸಾದ ಪಾಲನೆ ಬೇರೊಂದಿಲ್ಲ. ಸಾಲ ಕೇಳಿದವರಿಗೆ ವಾಪಸ್ ಬರದಿದ್ದರೂ ಸಂಬಂಧ ಕೆಡದಷ್ಟು ಮೊತ್ತವನ್ನು ಮಾತ್ರ ಕೊಡಿ. ಲೂಕ 6:35 ತಿರುಗಿ ನಿರೀಕ್ಷಿಸದೆ ಕೊಡಿ ಅನ್ನುತ್ತದೆ. ನಿರೀಕ್ಷೆ ಇಟ್ಟುಕೊಳ್ಳದೆ ಇರಲಾಗದಷ್ಟು ದೊಡ್ಡ ಮೊತ್ತಕ್ಕೆ 'ಆಗುವುದಿಲ್ಲ' ಅನ್ನುವುದೇ ಪ್ರಾಮಾಣಿಕತೆ. ನಾವೇ ಸಾಲ ಮಾಡುವುದಾದರೆ ಲೂಕ 14:28, ಗೋಪುರ ಕಟ್ಟುವ ಮುಂಚೆ ಕೂತು ಲೆಕ್ಕ ಹಾಕುವವನು. ತಿಂಗಳ ಕಂತು ಕೈಗೆಟಕುತ್ತದೆಯೇ ಅಂತ ನೋಡಿದರೆ ಸಾಲದು. ಕಂತನ್ನು ತಿಂಗಳುಗಳಿಂದ ಗುಣಿಸಿ, ವಿಮೆ ಮತ್ತು ನಿರ್ವಹಣೆ ಕೂಡಿಸಿ, ಬಂದ ಒಟ್ಟು ಅಂಕಿಯನ್ನು ಮನೆಯವರ ಮುಂದೆ ಓದಿ ಹೇಳಿ.

ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ ಹಣದ ಬಗ್ಗೆ ಕೊಟ್ಟ ಮೂರು ಸೂತ್ರಗಳನ್ನು ಜನ ಈಗಲೂ ಹೇಳುತ್ತಾರೆ: ಆದಷ್ಟು ಗಳಿಸು, ಆದಷ್ಟು ಉಳಿಸು, ಆದಷ್ಟು ಕೊಡು. ಮೂರನೆಯದನ್ನು ಮರೆಯುವುದು ಹಳೆಯ ರೋಗ. ಮೊದಲನೆಯದಕ್ಕೇ ಆತ ಬೇಲಿ ಹಾಕಿದ್ದ ಅನ್ನುವುದು ಕಡಿಮೆ ಜನಕ್ಕೆ ಗೊತ್ತು. ಗಳಿಕೆಯಲ್ಲಿ ನಿನ್ನ ದೇಹಕ್ಕೆ, ಮನಸ್ಸಿಗೆ, ನೆರೆಯವನಿಗೆ ಕೇಡಾಗಬಾರದು. ಹೊಸ ಕೆಲಸ ಒಪ್ಪುವ ಮುಂಚೆ ಈ ಮೂರನ್ನೂ ಕೇಳಿಕೊಳ್ಳಬಹುದು.

ಸಹಾಯಕ್ಕೆ ಮಿತಿ ಇರಬೇಕೇ ಎಂಬ ಪ್ರಶ್ನೆಗೆ, ಯೇಸು ಹೇಳಿದ ಕತೆಯಲ್ಲಿ ಕಳ್ಳರಿಂದ ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನಿಗೆ ನೆರವಾದ ಸಮಾರ್ಯದವನೇ ಉತ್ತರ. ಲೂಕ 10:34–35 ನಿಧಾನಕ್ಕೆ ಓದಿ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ಸ್ವಂತ ಪಶುವಿನ ಮೇಲೆ ಕೂರಿಸಿದ, ಛತ್ರಕ್ಕೆ ಒಯ್ದ, ಆರೈಕೆ ಮಾಡಿದ. ಮರುದಿನ ಛತ್ರದವನಿಗೆ ಎರಡು ದಿನಾರಿ ಕೊಟ್ಟು ತನ್ನ ದಾರಿ ಹಿಡಿದ. ಹೆಚ್ಚು ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅಂದ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ (ಮತ್ತಾಯ 20:2). ಹತ್ತಿರ ಇದ್ದದ್ದನ್ನು ಬಳಸಿದ, ನೋಡಿಕೊಳ್ಳುವವರ ಕೈಗೆ ಒಪ್ಪಿಸಿದ, ತನ್ನ ಪ್ರಯಾಣ ಕೈಬಿಡಲಿಲ್ಲ, ಮತ್ತೆ ಬರುವ ಮಾತು ಕೊಟ್ಟ. ಕಾಯಿಲೆಯವರನ್ನು, ಕುಡಿತಕ್ಕೆ ಬಿದ್ದವರನ್ನು ನೋಡಿಕೊಳ್ಳುವಾಗ 'ಯಾವಾಗ ಬೇಕಾದರೂ ಫೋನ್ ಮಾಡಿ' ಅನ್ನುವವರು ಬೇಗ ದಣಿದು, ಕೊನೆಗೆ ಫೋನ್ ಎತ್ತುವುದನ್ನೇ ಬಿಡುತ್ತಾರೆ. 'ಮಂಗಳವಾರ, ಶುಕ್ರವಾರ ಸಂಜೆ ಬರುತ್ತೇನೆ' ಅಂದು ಬರುವವರು ಉಳಿಯುತ್ತಾರೆ.

ನಾಳೆಯ ಚಿಂತೆಗೆ (ಮತ್ತಾಯ 6:34) ನಾನು ಮಾಡುವುದು ಚಿಕ್ಕದು: ಹಾಳೆಯ ಎಡಕ್ಕೆ ಇವತ್ತು ನನ್ನ ಕೈಯಲ್ಲಾಗುವ ಕೆಲಸ, ಬಲಕ್ಕೆ ಆಗದ್ದು. ಎಡದ್ದು ಮಾಡುವುದು, ಬಲದ್ದು ಹೆಸರು ಹಿಡಿದು ಪ್ರಾರ್ಥಿಸುವುದು. ವಾರಗಟ್ಟಲೆ ನಿದ್ದೆ ಬರದಿದ್ದರೆ, ಎದೆ ಢವಗುಟ್ಟಿ ಕೆಲಸ ನಿಂತರೆ ವೈದ್ಯರ ಹತ್ತಿರ ಹೋಗಿ. ರೋಗಿಗಳಿಗೆ ವೈದ್ಯ ಬೇಕು ಅಂದದ್ದು ಯೇಸುವೇ (ಮಾರ್ಕ 2:17). ಅದಕ್ಕೆ ಅಪನಂಬಿಕೆಯ ಹಣೆಪಟ್ಟಿ ಅಂಟಿಸುವವರ ಮಾತು ಕೇಳಬೇಡಿ.

ವಿಶ್ರಾಂತಿಯ ದಿನ (ಸಬ್ಬತ್) ಕೆಡುವುದು ಹಿಂದಿನ ದಿನದ ಸಿದ್ಧತೆ ಇಲ್ಲದೆ. ಅರಣ್ಯದಲ್ಲಿ ಇಸ್ರಾಯೇಲರಿಗೆ ದೇವರು ಕೊಟ್ಟ ಆಹಾರವಾದ ಮನ್ನವನ್ನು ಆರನೆಯ ದಿನ ಎರಡರಷ್ಟು ಕೂಡಿಸಿಕೊಳ್ಳಿ ಅಂದದ್ದು ಅದಕ್ಕೇ (ವಿಮೋಚನಕಾಂಡ 16). ಅಡುಗೆಗೆ ಬೇಕಾದದ್ದು, ಬಟ್ಟೆ, ಕಚೇರಿಯ ಬಾಕಿ ಉತ್ತರ ಮುಂಚಿನ ಸಂಜೆಯೇ ಮುಗಿದಿರಬೇಕು. ಹತ್ತು ಆಜ್ಞೆಗಳಲ್ಲಿ ನಾಲ್ಕನೆಯದು ಯಾರಿಗೆಲ್ಲ ಬಿಡುವು ಕೊಡುತ್ತದೆ ಎಂಬ ಪಟ್ಟಿಯನ್ನೂ ನೋಡಿ: ನೀನು, ಮಗ, ಮಗಳು, ಆಳು, ದಾಸಿ, ಪಶು, ಪರದೇಶಿ. ಮನೆಯ ಒಬ್ಬರು ಇಡೀ ದಿನ ಒಲೆಯ ಮುಂದೆ ನಿಂತು ಉಳಿದವರು ಮಲಗಿದರೆ ಅದು ಸಬ್ಬತ್ ಅಲ್ಲ. ಭಾನುವಾರ ಡ್ಯೂಟಿ ಇರುವ ನರ್ಸು, ಚಾಲಕರು ಬೇರೆ 24 ಗಂಟೆ ಆರಿಸಿಕೊಳ್ಳಲಿ. ಸಬ್ಬತ್ ಆದದ್ದು ಮನುಷ್ಯನಿಗೋಸ್ಕರ. ಫೋನನ್ನು ಸೈಲೆಂಟ್ ಮಾಡಿ ಕಿಸೆಯಲ್ಲಿ ಇಟ್ಟುಕೊಂಡರೆ ಪ್ರಯೋಜನವಿಲ್ಲ, ಬೇರೆ ಕೋಣೆಯಲ್ಲಿರಲಿ.

ಇವೆಲ್ಲ ನಡೆಯುತ್ತಿವೆಯೇ ಎಂದು ನೋಡಲು ರಾತ್ರಿ ಹತ್ತು ನಿಮಿಷ. ಹದಿನಾರನೇ ಶತಮಾನದ ಕ್ರೈಸ್ತ ಸಂತ, ಜೆಸ್ಯೂಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಕ್ರಮ ನನಗೆ ಹಿಡಿಸಿದೆ: ಮೊದಲು ಕೃತಜ್ಞತೆ, ಆಮೇಲೆ ಬೆಳಕಿಗಾಗಿ ಬೇಡಿಕೆ, ದಿನವನ್ನು ಗಂಟೆಗಂಟೆಯಾಗಿ ನೋಡುವುದು, ಕ್ಷಮೆ, ನಾಳೆಗೆ ಒಂದು ನಿಶ್ಚಯ. ಕೃತಜ್ಞತೆಯನ್ನು ಬಿಟ್ಟು ನೇರ ತಪ್ಪಿಗೆ ಹೋದರೆ ಕೆಲವೇ ದಿನಗಳಲ್ಲಿ ಇದು ತನ್ನನ್ನು ತಾನೇ ಬೈದುಕೊಳ್ಳುವ ಅಭ್ಯಾಸವಾಗಿ ನಿಂತುಹೋಗುತ್ತದೆ. ಒಂದು ಸಲಕ್ಕೆ ಒಂದೇ ದೋಷ ಹಿಡಿಯಬೇಕು ಅನ್ನುವುದೂ, ದಿನಕ್ಕೆ ಎರಡು ಗೆರೆ ಎಳೆದು ಎಡವಿದಷ್ಟು ಚುಕ್ಕೆ ಇಡುವುದೂ ಆತನದೇ: ಮೇಲಿನ ಗೆರೆ ಬೆಳಗಿನಿಂದ ಮಧ್ಯಾಹ್ನದ ತನಕ, ಕೆಳಗಿನದು ಅಲ್ಲಿಂದ ರಾತ್ರಿಯ ತನಕ. ಸಿಟ್ಟಿನ ಚುಕ್ಕೆಗಳು ಯಾವ ಗೆರೆಯ ಮೇಲೆ ಹೆಚ್ಚು ಅಂತ ವಾರದ ಕೊನೆಗೆ ನೋಡಿದರೆ, ಎಷ್ಟೋ ಸಲ ಹಸಿವು ಮತ್ತು ನಿದ್ದೆಗೇಡಿನ ಹೊತ್ತು ಎದ್ದು ಕಾಣುತ್ತದೆ. ಅಲ್ಲಿ ಪ್ರಾರ್ಥನೆಯ ಜೊತೆಗೆ ಊಟದ ವೇಳೆಯನ್ನೂ ಸರಿಮಾಡಬೇಕು. ಆ ಪುಟವನ್ನು ಯಾರಿಗೂ ತೋರಿಸಬೇಡಿ. ಇನ್ನೊಬ್ಬರು ಓದುತ್ತಾರೆ ಅಂದಾಗ ಚುಕ್ಕೆಗಳು ತಾವಾಗಿ ಕಡಿಮೆಯಾಗುತ್ತವೆ. ವಾರ ಮುಗಿದ ಮೇಲೆ ಹರಿದು ಹಾಕಿ, ಹೊಸ ಗೆರೆ ಎಳೆಯಿರಿ.