ಚಿಕಿತ್ಸೆ ಆದಮೇಲೆ ಡಾಕ್ಟರ್ ಸಹಿ: ಈ ಸಮಸ್ಯೆ ಸರಿಮಾಡಿದ ಬಗೆ

ನಾನು ನೋಡಿಕೊಳ್ಳುವ ಕ್ಲಿನಿಕ್‌ನಲ್ಲಿ ಬೊಟಾಕ್ಸ್ (ಸುಕ್ಕು ಕಡಿಮೆ ಮಾಡುವ ಚುಚ್ಚುಮದ್ದು), ಫಿಲ್ಲರ್ (ಚರ್ಮದ ಕೆಳಗೆ ತುಂಬುವ ಜೆಲ್) ಹಾಕುವುದು ನರ್ಸ್‌ಗಳು. ರೋಗಿಯ ಚಾರ್ಟ್ ತೆರೆದರೆ ಡಾಕ್ಟರ್ ಸಹಿಯ ತಾರೀಖು ಚಿಕಿತ್ಸೆಗಿಂತ ಮೂರ್ನಾಲ್ಕು ದಿನ ತಡ. ಬೊಟಾಕ್ಸ್ ಡಾಕ್ಟರ್ ಬರೆದುಕೊಡಬೇಕಾದ ಔಷಧಿ, ಹಾಗಾಗಿ ಇದು ಬರೀ ಕಾಗದದ ತಪ್ಪಲ್ಲ.

ಮೊದಲು ತಿಂಗಳ ಕೊನೆಗೆ ಒಟ್ಟಿಗೆ ಸಹಿ ಮಾಡಿಸಿ ನೋಡಿದೆ. ಅದರಿಂದ ತಡ ಇನ್ನೂ ಎದ್ದು ಕಂಡಿತು. ರೆಡಿಮೇಡ್ ಪ್ರೋಟೋಕಾಲ್ (ಕೆಲಸದ ನಿಯಮಗಳ) ಫೈಲ್ ಕೊಂಡೆ, ಯಾರೂ ಓದಲಿಲ್ಲ. ವಾಟ್ಸಾಪ್‌ನಲ್ಲಿ ನೆನಪಿಸಿದ್ದೂ ಸುಮ್ನೆ.

ಕೆಲಸ ಮಾಡಿದ್ದು ಸಾಫ್ಟ್‌ವೇರ್‌ನಲ್ಲಿ ಕ್ರಮ ಬದಲಿಸಿದ್ದು. ಮೊದಲು ಡಾಕ್ಟರ್ ಪರೀಕ್ಷೆಯ ಫಾರ್ಮ್: ಅಲರ್ಜಿ, ಈಗಿನ ಔಷಧಿ, ಗರ್ಭಿಣಿಯೇ, ನರ-ಸ್ನಾಯು ಕಾಯಿಲೆ ಇದೆಯೇ, ಎಲ್ಲವೂ ಕಡ್ಡಾಯ. ಆಮೇಲೆ ಆರ್ಡರ್: ಔಷಧಿ, ಜಾಗ, ಗರಿಷ್ಠ ಯೂನಿಟ್, ಆರ್ಡರ್ ಮುಗಿಯುವ ತಾರೀಖು. ಇದಕ್ಕೆ ಡಾಕ್ಟರ್ ಲಾಗಿನ್‌ನಿಂದ ಸಹಿ ಬೀಳುವವರೆಗೆ ನರ್ಸ್‌ನ ಚಿಕಿತ್ಸಾ ಪುಟ ತೆರೆಯುವುದೇ ಇಲ್ಲ, ಮತ್ತು ಹಿಂದಿನ ತಾರೀಖು ಹಾಕುವ ಅನುಮತಿಯನ್ನು ಅಡ್ಮಿನ್‌ಗೂ ಆಫ್ ಮಾಡಿದೆ. ಈ ಕೊನೆಯದನ್ನು ಮಾಡದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಹಳೇ ಚಾರ್ಟ್‌ಗಳನ್ನು ತಿದ್ದಬೇಡಿ, ಇವತ್ತಿನ ತಾರೀಖು ಹಾಕಿ ಟಿಪ್ಪಣಿ ಸೇರಿಸಿ.

ಪರೀಕ್ಷೆ ವಿಡಿಯೋದಲ್ಲಿ ಆಗಬಹುದೇ, ಯಾರು ಚುಚ್ಚಬಹುದು ಎನ್ನುವುದು ದೇಶದಿಂದ ದೇಶಕ್ಕೆ, ರಾಜ್ಯದಿಂದ ರಾಜ್ಯಕ್ಕೆ ಬೇರೆ, ಅದನ್ನು ಲೈಸೆನ್ಸ್ ಕೊಡುವ ಮಂಡಳಿಯಿಂದ ಬರಹದಲ್ಲೇ ಪಡೆಯಿರಿ.

ಫಿಲ್ಲರ್ ಹಾಕುವ ಕೋಣೆಯಲ್ಲಿ ಹಯಲುರೊನಿಡೇಸ್ (ಹಯಲುರಾನಿಕ್ ಆಮ್ಲದ ಫಿಲ್ಲರ್ ಕರಗಿಸುವ ಔಷಧಿ), ಅಡ್ರಿನಲಿನ್ (ತೀವ್ರ ಅಲರ್ಜಿಗೆ ತುರ್ತು ಔಷಧಿ) ಇವೆಯೇ, ಎಕ್ಸ್‌ಪೈರಿ ಯಾವಾಗ, ಬೊಟಾಕ್ಸ್ ಇಡುವ ಫ್ರಿಡ್ಜ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗಿದೆಯೇ ಎಂದು ಬೆಳಗ್ಗೆ ಟಿಕ್ ಮಾಡದೆ ದಿನದ ಮೊದಲ ಅಪಾಯಿಂಟ್‌ಮೆಂಟ್ ಶುರುವಾಗದಂತೆಯೂ ಇಟ್ಟಿದ್ದೇನೆ.