ಪಿಕಪ್‌ನ ಮುಂದಿನ ಬ್ರೇಕ್ ಪ್ಯಾಡ್, ಡಿಸ್ಕ್ ಮನೆಯಲ್ಲೇ ಬದಲಿಸಿದ್ದು

ಪ್ಯಾಡ್ ತೆಗೆದು ಹಾಕುವುದು ಈ ಕೆಲಸದಲ್ಲಿ ಸುಲಭದ ಭಾಗ. ಡಿಸ್ಕ್, ಚಕ್ರ ಎರಡೂ ಕೂರುವ ಹಬ್‌ನ ಮುಖ, ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್‌ಗಳು, ಪ್ಯಾಡ್‌ನ ಕಿವಿ (ಎರಡು ತುದಿಯ ಚಾಚು) ಕೂರುವ ಜಾಗ, ಈ ಮೂರೂ ಶುಚಿಯಾಗದಿದ್ದರೆ ಎಷ್ಟು ಒಳ್ಳೆಯ ಪಾರ್ಟ್ ಹಾಕಿದರೂ ಬ್ರೇಕ್ ಬೇಗ ಕೆಡುತ್ತದೆ. ಮುಂದಿನ ಎರಡು ಚಕ್ರಕ್ಕೆ ನನಗೆ ಹಿಡಿದದ್ದು ನಾಲ್ಕು ಗಂಟೆ. ಅದರಲ್ಲಿ ಅರ್ಧಕ್ಕರ್ಧ ತುಕ್ಕು ಉಜ್ಜುವುದಕ್ಕೇ ಹೋಯಿತು.

ಬಿಚ್ಚುವ ಮೊದಲೇ ಅಳತೆ ತೆಗೆದೆ. ಡಿಸ್ಕ್‌ನ ಮೇಲೆ ಅಚ್ಚೊತ್ತಿದ್ದ ಕನಿಷ್ಠ ದಪ್ಪ 26 ಮಿ.ಮೀ., ಮೈಕ್ರೋಮೀಟರ್‌ನಲ್ಲಿ ಸಿಕ್ಕಿದ್ದು 25.7. ಇಲ್ಲಿ ವರ್ನಿಯರ್ ಮೋಸ ಮಾಡುತ್ತದೆ, ಏಕೆಂದರೆ ಹೊರ ಅಂಚಿನಲ್ಲಿ ಸವೆಯದೆ ಉಳಿದ ಏಣಿನ ಮೇಲೆ ಅದರ ದವಡೆ ಕೂತು ದಪ್ಪ ಜಾಸ್ತಿ ತೋರಿಸುತ್ತದೆ. ಎಡಗಡೆ ಒಳಗಿನ ಪ್ಯಾಡ್ 3 ಮಿ.ಮೀ. ಉಳಿದಿತ್ತು, ಹೊರಗಿನದು 7. ಇಷ್ಟು ವ್ಯತ್ಯಾಸ ಕಂಡರೆ ಪಿನ್ ಹಿಡಿದುಕೊಂಡಿದೆ ಎಂದೇ ಮೊದಲು ಅನುಮಾನಿಸಬೇಕು. ಕ್ಯಾಲಿಪರ್‌ನಲ್ಲಿರುವ ಪಿಸ್ಟನ್ ಒಳಗಿನ ಪ್ಯಾಡನ್ನು ಒತ್ತುತ್ತದೆ, ಆದರೆ ಕ್ಯಾಲಿಪರ್ ಜಾರಿ ಬಂದು ಹೊರಗಿನದನ್ನು ಎಳೆಯುವುದಿಲ್ಲ. ಒಂದು ಕಡೆ ಮಾತ್ರ ಸವೆದಿದ್ದರೂ ಪ್ಯಾಡ್, ಡಿಸ್ಕ್ ಎರಡನ್ನೂ ಎಡಬಲ ಜೋಡಿಯಾಗಿಯೇ ಬದಲಿಸಬೇಕು. ಇಲ್ಲದಿದ್ದರೆ ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಹಿಂದಿನ ಚಕ್ರಗಳಿಗೆ ಅಡ್ಡ ಕಟ್ಟೆ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರ ನೆಲದ ಮೇಲಿರುವಾಗಲೇ ವೀಲ್ ನಟ್‌ಗಳನ್ನು ಕಾಲು ಸುತ್ತು ಸಡಿಲಿಸಿದೆ. ಆಮೇಲೆ ಜಾಕ್ ಏರಿಸಿ ಛಾಸಿಯ ಕೆಳಗೆ ಎರಡು ಸ್ಟ್ಯಾಂಡ್ ಇಟ್ಟೆ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈ ಹಾಕಲೇಬಾರದು. ಪಿಕಪ್ ಭಾರದ ಗಾಡಿ, ಕ್ಯಾಲಿಪರ್ ಬೋಲ್ಟಿಗೆ ಜೋರಾಗಿ ಎಳೆದಾಗ ಅಲುಗಾಡುತ್ತದೆ.

ಸ್ಟಿಯರಿಂಗ್ ಒಂದು ಕಡೆಗೆ ತಿರುಗಿಸಿಟ್ಟರೆ ಕ್ಯಾಲಿಪರ್ ಹಿಡಿದಿಡುವ ಬ್ರಾಕೆಟ್‌ನ ಬೋಲ್ಟಿಗೆ ಸಾಕೆಟ್ ನೇರವಾಗಿ ಹೋಗುತ್ತದೆ. ಕ್ಯಾಲಿಪರ್ ಬಿಚ್ಚಿದ ಕೂಡಲೇ ತಂತಿ ಕಟ್ಟಿ ಸಸ್ಪೆನ್ಷನ್ ಸ್ಪ್ರಿಂಗಿಗೆ ನೇತುಹಾಕಿದೆ. ಬ್ರೇಕ್ ಹೋಸ್‌ನಲ್ಲಿ ಜೋತುಬಿಟ್ಟರೆ ಒಳಪದರ ಹರಿಯಬಹುದು, ಅದು ಹೊರಗೆ ಕಾಣುವುದೂ ಇಲ್ಲ. ಧೂಳನ್ನು ಗಾಳಿ ಹೊಡೆದು ಹಾರಿಸದೆ ಬ್ರೇಕ್ ಕ್ಲೀನರ್‌ನಿಂದ ಒದ್ದೆ ಮಾಡಿ ಒರೆಸಿದೆ.

ಹಳೆಯ ಡಿಸ್ಕ್ ತುಕ್ಕು ಹಿಡಿದು ಹಬ್‌ಗೆ ಅಂಟಿಕೊಂಡಿತ್ತು. ಡಿಸ್ಕ್‌ನ ನಡುಭಾಗದಲ್ಲಿ ಎರಡು ಥ್ರೆಡ್ ತೂತು ಇದ್ದರೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಹತ್ತು ನಿಮಿಷ ಬಿಟ್ಟು, ಎರಡು 8 ಮಿ.ಮೀ. ಬೋಲ್ಟ್ ಹಾಕಿ, ಒಂದಕ್ಕೆ ಅರ್ಧ ಸುತ್ತು, ಇನ್ನೊಂದಕ್ಕೆ ಅರ್ಧ ಸುತ್ತು ಎಂದು ಬಿಗಿಮಾಡುತ್ತಾ ಹೋದರೆ ಡಿಸ್ಕ್ ತಾನೇ ಹೊರಗೆ ಬರುತ್ತದೆ. ಸುತ್ತಿಗೆಯ ಹೊಡೆತ ವೀಲ್ ಬೇರಿಂಗಿಗೂ ತಾಗುವುದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಹಬ್‌ನ ಮುಖ ಎಷ್ಟು ಮುಖ್ಯ ಎಂದು ನೋಡಲು ಸ್ವಲ್ಪವೇ ಉಜ್ಜಿ, ಹೊಸ ಡಿಸ್ಕ್ ಕೂರಿಸಿ, ವಾಷರ್ ಕೊಟ್ಟು ಎಲ್ಲ ನಟ್ ಬಿಗಿದು ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟೆ. ಹೊರ ಅಂಚಿನಿಂದ 10 ಮಿ.ಮೀ. ಒಳಗೆ ಮುಳ್ಳು ತಾಗಿಸಿ ಸುತ್ತಿಸಿದರೆ 0.12 ಮಿ.ಮೀ. ಓಲಾಟ! ಡಿಸ್ಕ್ ತೆಗೆದು, ಸ್ಟಡ್‌ಗಳ ಬುಡದ ಸುತ್ತ ಪದರಗಟ್ಟಿದ್ದ ತುಕ್ಕನ್ನು ವೈರ್ ಬ್ರಷ್, ಎಮೆರಿ ಪೇಪರ್ ಎರಡರಿಂದಲೂ ಲೋಹ ಹೊಳೆಯುವವರೆಗೆ ತೆಗೆದ ಮೇಲೆ ಅದೇ ಡಿಸ್ಕ್ 0.03ಕ್ಕೆ ಇಳಿಯಿತು. ಸಾಮಾನ್ಯವಾಗಿ 0.05ರ ಒಳಗೆ ಇರುವುದು ಒಳ್ಳೆಯದು. ಮೊದಲ ದಿನ ಈ ಓಲಾಟ ಪೆಡಲ್‌ಗೆ ಗೊತ್ತೇ ಆಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಡಿಸ್ಕ್‌ನ ಅದೇ ಜಾಗ ಪ್ಯಾಡಿಗೆ ಉಜ್ಜಿ ಉಜ್ಜಿ, ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ಒಂದು ಕಡೆ ತೆಳ್ಳಗಾಗುತ್ತದೆ. ಆಗ ಪೆಡಲ್ ಮಿಡಿಯುತ್ತದೆ, ಸ್ಟಿಯರಿಂಗ್ ನಡುಗುತ್ತದೆ. ‘ಡಿಸ್ಕ್ ಬೆಂಡ್ ಆಗಿದೆ’ ಎಂದು ನಾವು ಹೇಳುವುದರಲ್ಲಿ ಬಹುಪಾಲು ಇದೇ.

ಹೊಸ ಡಿಸ್ಕ್‌ಗೆ ಬಳಿದಿರುವ ತುಕ್ಕುತಡೆ ಎಣ್ಣೆಯನ್ನು ಎರಡೂ ಮುಖದಿಂದ ಬ್ರೇಕ್ ಕ್ಲೀನರ್ ಹಾಕಿ ಪೂರ್ತಿ ತೆಗೆಯಬೇಕು. ಅದು ಪ್ಯಾಡಿಗೆ ಇಳಿದರೆ ಪ್ಯಾಡ್ ಹಾಳು.

ಎಡಗಡೆಯ ಕೆಳಗಿನ ಪಿನ್ ಕೈಯಲ್ಲಿ ಅಲುಗಲಿಲ್ಲ. ತಿರುಗಿಸಿ ತಿರುಗಿಸಿ ಎಳೆದಾಗ ಹಳೆಯ ಗ್ರೀಸ್ ಕಂದು ಮೇಣದಂತೆ ಗಟ್ಟಿಯಾಗಿ ಸುತ್ತಿಕೊಂಡಿತ್ತು. ಪಿನ್ ಒರೆಸಿ, ತೂತಿನೊಳಗೂ ಬಟ್ಟೆ ತೂರಿಸಿ ಶುಚಿಮಾಡಿ, ಸಿಲಿಕೋನ್ ಬ್ರೇಕ್ ಗ್ರೀಸ್ ತೆಳ್ಳಗೆ ಹಚ್ಚಿದೆ. ಸಾದಾ ಗ್ರೀಸ್ ಪಿನ್ ಮುಚ್ಚುವ ರಬ್ಬರ್ ಬೂಟನ್ನು ಉಬ್ಬಿಸಿಬಿಡುತ್ತದೆ. ತೂತಿನ ತುಂಬ ಗ್ರೀಸ್ ತುಂಬಿದರೂ ತಪ್ಪು, ಒಳಗೆ ಸಿಕ್ಕಿಕೊಂಡ ಗಾಳಿ ಪಿನ್ನನ್ನು ಹಿಂದಕ್ಕೆ ತಳ್ಳುತ್ತದೆ. ಮೇಲಿನ, ಕೆಳಗಿನ ಪಿನ್ ಎಷ್ಟೋ ಗಾಡಿಗಳಲ್ಲಿ ಬೇರೆ ಬೇರೆ, ಒಂದಕ್ಕೆ ತುದಿಯಲ್ಲಿ ರಬ್ಬರ್ ಬುಷ್ ಇರುತ್ತದೆ. ಅದಲುಬದಲಾಗದಂತೆ ಒಂದೊಂದನ್ನೇ ತೆಗೆದು ಹಾಕಿ. ಬ್ರಾಕೆಟ್‌ನ ಕ್ಲಿಪ್ ಕಿತ್ತು ಅದರ ಕೆಳಗಿನ ತುಕ್ಕನ್ನೂ ಕೆರೆಯಬೇಕು. ಅಲ್ಲಿ ತುಕ್ಕು ಬೆಳೆದು ಕ್ಲಿಪ್ಪನ್ನು ಎತ್ತಿದರೆ ಪ್ಯಾಡ್ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಹೊಸ ಪ್ಯಾಡ್ ಬೆರಳಿನಿಂದ ತಳ್ಳಿದರೆ ಜಾರಬೇಕು.

ನನ್ನ ಗಾಡಿಯ ಕ್ಯಾಲಿಪರ್‌ನಲ್ಲಿ ಎರಡು ಪಿಸ್ಟನ್ ಅಕ್ಕಪಕ್ಕ ಇವೆ. ಒಂದನ್ನು ಒತ್ತಿದರೆ ಇನ್ನೊಂದು ಹೊರಗೆ ಬರುತ್ತದೆ, ಹಾಗಾಗಿ ಹಳೆಯ ಪ್ಯಾಡನ್ನು ಎರಡಕ್ಕೂ ಅಡ್ಡ ಇಟ್ಟು ಜಿ-ಕ್ಲಾಂಪ್‌ನಿಂದ ನಿಧಾನವಾಗಿ ಒತ್ತಿದೆ. ಬ್ರೇಕ್ ಆಯಿಲ್ ಡಬ್ಬಿ ತುಂಬಿ ಹರಿಯದಂತೆ ಮೊದಲೇ ಸಿರಿಂಜಿನಿಂದ ಸ್ವಲ್ಪ ತೆಗೆದಿಟ್ಟಿರಬೇಕು. ಪೇಂಟ್ ಮೇಲೆ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ. ಪಿಸ್ಟನ್ ಜಗ್ಗದಿದ್ದರೆ ಕ್ಯಾಲಿಪರ್‌ನಿಂದ ಆಯಿಲ್, ಗಾಳಿ ಹೊರಬಿಡುವ ಬ್ಲೀಡರ್ ಸ್ಕ್ರೂ ಸಡಿಲಿಸಿ ನೋಡಿ. ಆಗ ಸಲೀಸಾಗಿ ಹೋದರೆ ಅನುಮಾನ ಹೋಸ್ ಮೇಲೆ, ಆಗಲೂ ಹೋಗದಿದ್ದರೆ ಪಿಸ್ಟನ್ನೇ ಹಿಡಿದುಕೊಂಡಿದೆ. ಕ್ಲಾಂಪ್ ಸಡಿಲಿಸುವ ಮುನ್ನ ಬ್ಲೀಡರ್ ಮುಚ್ಚಬೇಕು, ಇಲ್ಲವಾದರೆ ಗಾಳಿ ಒಳಗೆ ಹೋಗುತ್ತದೆ.

ಬ್ರಾಕೆಟ್ ಬೋಲ್ಟ್, ಪಿನ್ ಬೋಲ್ಟ್, ವೀಲ್ ನಟ್ ಮೂರಕ್ಕೂ ಟಾರ್ಕ್ (ಬಿಗಿಯುವ ಬಲ) ಬೇರೆ. ಬ್ರಾಕೆಟ್ಟಿನದು ಸಾಮಾನ್ಯವಾಗಿ 100 ನ್ಯೂಟನ್ ಮೀಟರ್‌ಗಿಂತ ಮೇಲೆ, ಪಿನ್ನಿನದು ಅದಕ್ಕಿಂತ ಬಹಳ ಕಡಿಮೆ. ಸರಿಯಾದ ಅಂಕಿಯನ್ನು ಗಾಡಿಯ ಮ್ಯಾನ್ಯುಯಲ್ ನೋಡಿಯೇ ಹಾಕಬೇಕು. ವೀಲ್ ನಟ್‌ಗಳನ್ನು ಎದುರುಬದುರು ಕ್ರಮದಲ್ಲಿ ಬಿಗಿಯದಿದ್ದರೆ ಅಷ್ಟು ಉಜ್ಜಿ ಸರಿಮಾಡಿದ ಡಿಸ್ಕ್ ಮತ್ತೆ ಓಲಾಡುತ್ತದೆ.

ಗಾಡಿ ಸ್ಟಾರ್ಟ್ ಮಾಡುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ತುಳಿಯಬೇಕು. ಮೊದಲ ತುಳಿತಕ್ಕೆ ಅದು ನೆಲಕ್ಕೇ ಹೋಗುತ್ತದೆ, ಇದನ್ನು ಮರೆತು ಹೊರಟರೆ ಬ್ರೇಕ್ ಇರುವುದೇ ಇಲ್ಲ. ಆಮೇಲೆ ಡಬ್ಬಿಯ ಮಟ್ಟ ನೋಡಿಕೊಂಡು, ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲೆಂದು ಖಾಲಿ ರಸ್ತೆಯಲ್ಲಿ 50ರಿಂದ 10 ಕಿ.ಮೀ. ವೇಗಕ್ಕೆ, ಪೂರ್ತಿ ನಿಲ್ಲಿಸದೆ, ಹತ್ತು ಸಲ ಹದವಾಗಿ ಬ್ರೇಕ್ ಹಿಡಿದೆ. ನಂತರ ಹತ್ತು ನಿಮಿಷ ಆದಷ್ಟು ಬ್ರೇಕ್ ಮುಟ್ಟದೆ ಓಡಿಸಿ ತಣಿಸಿದೆ. ಬಿಸಿ ಡಿಸ್ಕಿಗೆ ಪ್ಯಾಡ್ ಒತ್ತಿಕೊಂಡು ನಿಂತರೆ ಪ್ಯಾಡಿನ ಗುರುತು ಅಲ್ಲೇ ಅಚ್ಚಾಗುತ್ತದೆ.

100 ಕಿ.ಮೀ. ಆದ ಮೇಲೆ ವೀಲ್ ನಟ್‌ಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಿಡಿದೆ. ಅವತ್ತೇ ಗಾಡಿ ನಿಲ್ಲಿಸಿದ ಕೂಡಲೇ ಥರ್ಮಾಮೀಟರ್ ಗನ್‌ನಿಂದ ಎರಡೂ ಡಿಸ್ಕ್ ನೋಡಿದೆ. ಎಡ 84 ಡಿಗ್ರಿ, ಬಲ 81. ಒಂದು ಕಡೆ ತುಂಬಾ ಹೆಚ್ಚು ಇದ್ದಿದ್ದರೆ ಆ ಕಡೆಯ ಪಿನ್ ಮತ್ತೆ ಬಿಚ್ಚಬೇಕಾಗುತ್ತಿತ್ತು.